ಎತ್ತಿಗೆ ಸುಸ್ತಾದ ಜಾಗದಲ್ಲಿ ಒಂದು ಕಲ್ಲಿನ ಛತ್ರ

(ಕೊಡಗಿನ ನಮ್ಮ ಪೇಟೆಯ ಹಳೆ ಛತ್ರದ ಜಗಲಿಯಲ್ಲೇ ಕೂತು ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಕೆಲಸ ಮಾಡಿ. ನೀವು ಕೂತಿರುವ ಕಲ್ಲನ್ನು ಕೈಯಿಂದ ಸವರಿ ನೋಡಿ. ಜಗಲಿಯ ಅಂಚಿನಲ್ಲಿ ಕೂತವರಿಗೆ ಕಲ್ಲು ನುಣ್ಣಗೆ ಸಿಗುತ್ತದೆ. ಒಳಗೆ ಗೋಡೆಗೆ ಒರಗಿ ಕೂತವರಿಗೆ ತರಿತರಿ. ಎರಡೂ ಒಂದೇ ಬಂಡೆಯಿಂದ ಬಂದ ಕಲ್ಲು, ಒಂದೇ ಉಳಿಯ ಕೆಲಸ. ಅಂಚಿನದು ನುಣುಪಾಗಿದ್ದು ಜನ ಕೂತು ಕೂತು, ತಲೆಯ ಹೊರೆ ಇಳಿಸಿ ಇಳಿಸಿ. ಅಂಚು ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದಿದ್ದೇನೆ, ಸರಿಯಾಗಿ ನನ್ನ ಎದೆಯ ಮಟ್ಟ. ಕೂರಲು ಇದು ಎತ್ತರ ಜಾಸ್ತಿ ಆಯಿತು, ಅದಕ್ಕೇ ಪಕ್ಕದಲ್ಲಿ ಮೆಟ್ಟಿಲು ಇಟ್ಟಿದ್ದಾರೆ. ಆದರೆ ತಲೆ ಮೇಲೆ ಮೂಟೆ ಇರುವವನು ಯಾರ ಸಹಾಯವೂ ಇಲ್ಲದೆ ಮೂಟೆಯನ್ನು ಹಾಗೇ ಮುಂದಕ್ಕೆ ಜಾರಿಸಿ ಇಳಿಸಬೇಕಾದರೆ ಇಷ್ಟೇ ಎತ್ತರ ಬೇಕು. ಕಟ್ಟಿದವನಿಗೆ ಮನುಷ್ಯನ ಮೈ ಗೊತ್ತಿತ್ತು.

ಮೂರನೇ ಕಂಬದ ಬುಡದಲ್ಲಿ ಕೂತ ಮಕ್ಕಳು ಸ್ವಲ್ಪ ಸರಿಯಿರಿ. ಅಲ್ಲಿ ನೆಲದ ಮೇಲೆ ಗೆರೆಗಳಿವೆ, ಕಾಣ್ತಾ ಇದೆಯಾ? ತ್ರಿಕೋನ, ಅದಕ್ಕೆ ಅಡ್ಡ ಗೆರೆಗಳು. ಆಡು-ಹುಲಿ ಆಟದ ಮನೆ ಅದು. 3 ಹುಲಿ, 15 ಆಡು. ಯಾರೋ ದಾರಿಹೋಕ ಮಳೆ ಬಿಡುವ ತನಕ ಕಾಯಬೇಕಾಗಿ ಬಂದು ಉಳಿಯಲ್ಲಿ ಕೊರೆದದ್ದು. ಸುಮ್ನೆ ಒಂದು ಗಂಟೆಯಲ್ಲಿ ಇಷ್ಟು ಆಳ ಕೊರೆಯಲು ಆಗುವುದಿಲ್ಲ, ಇದು ಗಟ್ಟಿ ಕಗ್ಗಲ್ಲು. ಅಂದರೆ ಮಳೆ ದಿನಗಟ್ಟಲೆ ಹಿಡಿದಿತ್ತು. ನಮ್ಮ ಊರಲ್ಲಿ ಅದೇನು ದೊಡ್ಡ ಸಂಗತಿಯಲ್ಲ ಬಿಡಿ.

ಈ ಛತ್ರವನ್ನು ರಾಜ ಕಟ್ಟಿಸಿದ್ದು ಅಂತ ಅರ್ಧ ಪೇಟೆ ಹೇಳುತ್ತದೆ. ಬ್ರಿಟಿಷರು ಕಟ್ಟಿಸಿದ್ದು ಅಂತ ಇನ್ನರ್ಧ. ಇಲ್ಲಿ ಶಾಸನ ಇಲ್ಲ, ಬಾಗಿಲ ಮೇಲೆ ಇಸವಿ ಕೆತ್ತಿಲ್ಲ. ಆದರೆ ಕಟ್ಟಡವೇ ಬೇಕಾದಷ್ಟು ಹೇಳುತ್ತದೆ. ನಾನು ಕೆಲಸದಲ್ಲಿದ್ದಷ್ಟು ವರ್ಷ ಕಟ್ಟಡಗಳ ನಡುವೆಯೇ ಓಡಾಡಿದವ, ನಿವೃತ್ತಿಯಾದ ಮೇಲೆ ಈ ಒಂದು ಕಟ್ಟಡವನ್ನು ಮತ್ತೆ ಮತ್ತೆ ಬಂದು ನೋಡಿದ್ದೇನೆ. ಇವತ್ತು ಅದನ್ನೇ ನಿಮಗೆ ತೋರಿಸಬೇಕು ಅಂತ ಆಸೆ.

ಛತ್ರ ಇಲ್ಲೇ ಯಾಕೆ ಬಂತು, ಮೊದಲು ಅದು. ಕೊಡಗಿನ ಪೇಟೆಗಳ ನಡುವಿನ ದೂರ ಲೆಕ್ಕ ಹಾಕಿ ನೋಡಿ. ವಿರಾಜಪೇಟೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಹೆಚ್ಚು ಕಡಿಮೆ ನಡುವಿನಲ್ಲಿ ಮೂರ್ನಾಡು. ಕುಶಾಲನಗರದಿಂದ ಮಡಿಕೇರಿಗೂ ಸುಮಾರು 30, ನಡುವಿನಲ್ಲಿ ಸುಂಟಿಕೊಪ್ಪ. ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಸುಮಾರು 15. ಈ 15 ಎಲ್ಲಿಂದ ಬಂತು? ಹೊರೆ ಹೊತ್ತ ಎತ್ತು ಏರುದಾರಿಯಲ್ಲಿ ಗಂಟೆಗೆ ಮೂರು ಕಿಲೋಮೀಟರ್ ನಡೆದರೆ ಅದೇ ಜಾಸ್ತಿ. ಬೆಳಗಿನ ಜಾವ ಹೊರಟು ಐದಾರು ಗಂಟೆ ನಡೆದರೆ ಅದಕ್ಕೆ ಸುಸ್ತು, ನೀರು ಬೇಕು, ಮೇಯಬೇಕು. ಎತ್ತು ನಿಂತ ಕಡೆ ಮನುಷ್ಯನೂ ನಿಂತ. ನಿಂತವನಿಗೆ ಅನ್ನ ಬೇಕು, ಅನ್ನ ಹಾಕುವವನು ಬಂದ. ಲಾಳ ಕಟ್ಟುವವನು ಬಂದ. ಸಂತೆ ಕೂತಿತು. ಶನಿವಾರಸಂತೆಯ ಹೆಸರಲ್ಲೇ ಸಂತೆ ಇದೆಯಲ್ಲ. ನಾವು ಇವತ್ತು ಅರ್ಧ ಗಂಟೆಯಲ್ಲಿ ಬಸ್ಸಲ್ಲಿ ದಾಟುವ ದೂರ ಎತ್ತಿನ ಒಂದು ಹೊತ್ತಿನ ನಡಿಗೆ. ನಮ್ಮ ಜಿಲ್ಲೆಗೆ ಇವತ್ತಿಗೂ ರೈಲು ಬಂದಿಲ್ಲ, ಆದ್ದರಿಂದ ಆ ಹಳೆ ಲೆಕ್ಕ ಇಲ್ಲಿ ಅಳಿಸಿಲ್ಲ. ಬಯಲುಸೀಮೆಯಲ್ಲಿ ಸ್ಟೇಷನ್ ಬಂದ ಕಡೆ ಪೇಟೆ ಎದ್ದು ಹೋಗಿ ಹಳೆ ಛತ್ರಗಳು ಮೂಲೆಗೆ ಬಿದ್ದವು. ಇಲ್ಲಿ ಪೇಟೆ ಛತ್ರದ ಸುತ್ತಲೇ ಉಳಿಯಿತು.

ಎತ್ತು ಅಂದಾಗ ನಿಮಗೆ ಗಾಡಿ ನೆನಪಾಗಬಹುದು. ಇಲ್ಲ, ಮೊದಲಿಗೆ ಗಾಡಿ ಇರಲಿಲ್ಲ. ಹೇರೆತ್ತು. ಬೆನ್ನಿನ ಎರಡೂ ಬದಿಗೆ ಒಂದೊಂದು ಚೀಲ ಇಳಿಬಿಟ್ಟು ಹತ್ತಿಪ್ಪತ್ತು ಎತ್ತುಗಳನ್ನು ಸಾಲಾಗಿ ಹೊಡೆದುಕೊಂಡು ಹೋಗುತ್ತಿದ್ದರು. ಕೊಡಗಿನ ಅಕ್ಕಿ ಘಾಟಿ ದಾರಿಯ ಪೆರುಂಬಾಡಿ, ಮಾಕುಟ್ಟ ದಾಟಿ ಮಲಬಾರಿಗೆ ಇಳಿಯುತ್ತಿತ್ತು. ಅಲ್ಲಿಂದ ಉಪ್ಪು, ಒಣಮೀನು ಮೇಲೆ ಹತ್ತುತ್ತಿತ್ತು. ನಮ್ಮಲ್ಲಿ ಭತ್ತ ಬೇಕಾದಷ್ಟು, ಉಪ್ಪು ಒಂದು ಹರಳೂ ಇಲ್ಲ. ಈಗಲೂ ಕಕ್ಕಬ್ಬೆಯ ಇಗ್ಗುತಪ್ಪ ದೇವಸ್ಥಾನದ ಕಲ್ಲಾಡ್ಚ ಹಬ್ಬಕ್ಕೆ ಎತ್ತುಪೋರಾಟ್ ಅಂತ ಅಕ್ಕಿ ಹೇರಿದ ಎತ್ತುಗಳನ್ನು ಕರೆತರುತ್ತಾರೆ, ನೋಡಿದ್ದೀರಲ್ಲ. ನನಗೆ ಅದನ್ನು ನೋಡುವಾಗೆಲ್ಲ ಈ ಛತ್ರದ ಹಿತ್ತಿಲು ಕಣ್ಣಿಗೆ ಬರುತ್ತದೆ. ಒಂದೊಂದು ಎತ್ತು ಒಂದೊಂದು ಕಲ್ಲುಗೂಟದ ಹತ್ತಿರ ನಿಂತು ಬೆನ್ನ ಮೇಲಿನ ಚೀಲ ಇಳಿಸಿಕೊಳ್ಳುವುದು. ಹಿಂದೆ ಹೋಗಿ ನೋಡಿ, ಹನ್ನೊಂದು ಕಲ್ಲುಗೂಟ ಇನ್ನೂ ನಿಂತಿವೆ, ತಲೆಯಲ್ಲಿ ಹಗ್ಗ ತೂರಿಸುವ ತೂತು. ತೂತಿನ ಕೆಳಅಂಚು ಹಗ್ಗ ಎಳೆದೂ ಎಳೆದೂ ತೇದು ಹೋಗಿದೆ.

ಈಗ ಪಕ್ಕದ ಹೆಬ್ಬಾಗಿಲಿಗೆ ಬನ್ನಿ. ನನ್ನ ಪ್ರಕಾರ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಅದು. ಎಡಗಡೆಯ ನಿಲುವುಗಲ್ಲು ನೋಡಿ, ಅದರ ಮೇಲೆ ಉಳಿಯ ಗುರುತು ಓರೆಯಾಗಿ, ಒತ್ತೊತ್ತಾಗಿ, ಮಳೆ ಬಿದ್ದ ಹಾಗೆ ಇದೆ. ಬಲಗಡೆಯ ಕಲ್ಲಿನ ಮೇಲೆ ಗುರುತು ನೇರ, ಬಿಡಿಬಿಡಿ. ಎರಡು ಬೇರೆ ಕೈ. ಎಡಗಲ್ಲಿಗೆ ಮೇಲೆ ಮತ್ತು ಕೆಳಗೆ ಬಾಗಿಲು ಕೂತು ತಿರುಗುವ ಕುಳಿ ಇದೆ, ಬಲಗಲ್ಲಿಗೆ ಆ ಕುಳಿಯೇ ಇಲ್ಲ, ಕಬ್ಬಿಣದ ಕೊಂಡಿ ಹಾಕಿದ್ದಾರೆ. ಮೇಲೆ ಕಲ್ಲಿನ ಅಡ್ಡಪಟ್ಟಿ ಇರಬೇಕಾದ ಕಡೆ ಮತ್ತಿ ಮರದ ತೊಲೆ. ಹೊಸ್ತಿಲ ಹತ್ತಿರ ನೆಲ ಕೆರೆದು ನೋಡಿದರೆ, ಎಡಗಲ್ಲಿನಿಂದ ನಾಲ್ಕು ಅಡಿ ದೂರಕ್ಕೆ, ಹಳೆ ಬಲಗಲ್ಲಿನ ಬುಡ ಮುರಿದ ಹಲ್ಲಿನ ಹಾಗೆ ನೆಲದಲ್ಲೇ ಉಳಿದಿದೆ. ಈಗಿನ ಬಾಗಿಲು ಎಂಟು ಅಡಿಗೂ ಮೇಲೆ.

ನಾಲ್ಕು ಅಡಿ ಬಾಗಿಲಲ್ಲಿ ಹೇರೆತ್ತು ಒಂದರ ಹಿಂದೆ ಒಂದು ಒಳಗೆ ಹೋಗುತ್ತದೆ. ಗಾಡಿ ಹೋಗುವುದಿಲ್ಲ. ಯಾರೋ ಒಂದು ಕಲ್ಲು ಕಿತ್ತು, ಬಾಗಿಲನ್ನು ಎರಡರಷ್ಟು ಮಾಡಿದ್ದಾರೆ ಅಂದರೆ ಈ ರಸ್ತೆಗೆ ಗಾಡಿ ಬಂದಿದೆ ಅಂತ ಅರ್ಥ. ಗಾಡಿ ಯಾವಾಗ ಬಂತು? ಕೊಡಗನ್ನು ಆಳಿದ ಹಾಲೇರಿ ರಾಜರ ಕಾಲದಲ್ಲಿ ಅಗಲ ರಸ್ತೆ ಮಾಡುವುದು ಶತ್ರುವಿಗೆ ಬಾಗಿಲು ತೆಗೆದ ಹಾಗೆ. ಕಾಡು, ಇಕ್ಕಟ್ಟು ದಾರಿ, ಆಳವಾಗಿ ಅಗೆದ ಕಡಂಗ, ಇವೇ ಈ ನಾಡಿನ ಕೋಟೆ. ಕಡಂಗಗಳು ಇನ್ನೂ ನಿಮ್ಮ ತೋಟಗಳ ನಡುವೆಯೇ ಇವೆ, ಕೆಲವರು ಅದಕ್ಕೆ ಕಸ ತುಂಬುತ್ತಿದ್ದೀರಿ, ದಯವಿಟ್ಟು ಬೇಡ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ತೆಗೆದುಕೊಂಡ ಮೇಲೆ ಚಕ್ರ ಓಡುವ ರಸ್ತೆಗಳು ಒಂದೊಂದಾಗಿ ಆದವು. 1854ರಲ್ಲಿ ಮಡಿಕೇರಿ ಹತ್ತಿರ ಫೌಲರ್ ಎಂಬವರು ಯುರೋಪಿಯನ್ನರ ಮೊದಲ ಕಾಫಿ ತೋಟ ತೆರೆದ ಮೇಲೆ ಗಾಡಿಯ ಸಂಖ್ಯೆ ಏರಿತು, ಕಾಫಿ ಚೀಲ ಕಡಲಿಗೆ ಹೋಗಬೇಕಲ್ಲ. ಹಾಗಾಗಿ ರಾಜನ ಕಾಲದ್ದು ಅನ್ನುವವರ ಕೈಗೆ ಎಡಗಲ್ಲು, ಬ್ರಿಟಿಷರ ಕಾಲದ್ದು ಅನ್ನುವವರ ಕೈಗೆ ಬಲಗಲ್ಲು ಕೊಡುತ್ತೇನೆ ನಾನು. ಇಬ್ಬರಿಗೂ ಪಾಲು ಇದೆ.

ರಾಜನ ಕಾಲ ಅಂದಾಗ ಒಂದು ಮಾತು ಸೇರಿಸಬೇಕು. ದೊಡ್ಡವೀರರಾಜೇಂದ್ರ ವಿರಾಜಪೇಟೆ ಕಟ್ಟಿಸಿದ್ದು 1792ರಲ್ಲಿ. ಅದರ ಹಿಂದಿನ ವರ್ಷ ಬೊಂಬಾಯಿ ಸೈನ್ಯದ ಜನರಲ್ ಅಬರ್‌ಕ್ರಾಂಬಿ ಮಲಬಾರಿನಿಂದ ಘಾಟಿ ಹತ್ತಿ ಟಿಪ್ಪುವಿನ ಮೇಲೆ ಹೋಗುವಾಗ ಇಬ್ಬರೂ ಭೇಟಿಯಾದ ನೆನಪಿಗೆ. ಅದೇ ಹೊತ್ತಿಗೆ, 1792ರಿಂದ 94ರ ನಡುವೆ, ಕಕ್ಕಬ್ಬೆಯ ನಾಲ್ಕುನಾಡು ಅರಮನೆಯೂ ಎದ್ದಿತು. ಅದನ್ನು ನೋಡದವರು ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಮರದ ಕೆತ್ತನೆ, ಬಣ್ಣದ ಚಿತ್ರ ನೋಡಿ. ಆಮೇಲೆ ಮಡಿಕೇರಿಯ ಓಂಕಾರೇಶ್ವರ, ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು, ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಅಲ್ಲೇ ರಾಜರ ಸಮಾಧಿ ಇರುವ ಗದ್ದಿಗೆಯ ಕಲ್ಲಿನ ಅಂಚುಗಳನ್ನೂ ನೋಡಿ, ಬೆರಳು ಇಟ್ಟರೆ ಸಂದು ಸಿಗುವುದಿಲ್ಲ. ಅವನ್ನು ನೋಡಿ ಬಂದು ಈ ಜಗಲಿ ಹತ್ತಿದರೆ ಇದು ತೀರಾ ಬಡವಾಗಿ ಕಾಣುತ್ತದೆ. ಕಂಬಕ್ಕೆ ಹೂವಿಲ್ಲ, ಬಳ್ಳಿಯಿಲ್ಲ. ನಾಲ್ಕು ಮುಖದ ಕಂಬ, ಮೇಲೆ ಒಂದು ಚಪ್ಪಟೆ ಬೋದಿಗೆ, ಅಷ್ಟೇ. ಆದರೆ ಗದ್ದಿಗೆಯ ಜಗಲಿಯಲ್ಲಿ ಮೀನು ಹೊತ್ತವನು ಮಲಗಲು ಆಗುತ್ತಿತ್ತಾ? ಇಲ್ಲಿ ಮಲಗಿದ್ದಾನೆ. ನನಗೆ ಈ ಕಟ್ಟಡದ ಮೇಲೆ ಪ್ರೀತಿ ಜಾಸ್ತಿ ಆಗಲು ಅದೇ ಕಾರಣ.

ಇದಕ್ಕೆ ಹತ್ತಿರದ ನೆಂಟ ಯಾರು ಅಂದರೆ ನಮ್ಮ ಅಂಬಲ. ಊರವರು ಕೂತು ನ್ಯಾಯ ಮಾತಾಡುವ, ಸುತ್ತ ತೆರೆದ, ಕಂಬ ಮತ್ತು ಮಾಡು ಮಾತ್ರ ಇರುವ ಕಟ್ಟೆ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಕಯ್ಯಾಲೆ ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಐಮರ ಇರುತ್ತದಲ್ಲ, ಬಂದವರು ಕೂರುವ ಅಗಲ ಹಲಗೆ, ಅದೇ ಇಲ್ಲಿ ಕಲ್ಲಾಗಿದೆ. ಮನೆಗೆ ಬಂದವನನ್ನು ಮೊದಲು ಕೂರಿಸುವ ಜಾಗವನ್ನು ತೆಗೆದು ರಸ್ತೆಗೆ ಇಟ್ಟ ಹಾಗೆ.

ಗೋಡೆ ನೋಡೋಣ. ದಪ್ಪ ಎರಡೂವರೆ ಅಡಿ. ಮೂಲೆಗೆ ಮಾತ್ರ ಚೌಕ ಮಾಡಿದ ಕಲ್ಲು, ನಡುವೆ ಎಲ್ಲ ಕಾಡುಕಲ್ಲು. ನಮ್ಮ ಕಲ್ಲು ಕೆತ್ತಲು ಬಹಳ ಕಷ್ಟ. ಕರಾವಳಿಯವರಿಗೆ ಕೆಂಪುಕಲ್ಲು ಇದೆ, ನೆಲದಿಂದ ತೆಗೆಯುವಾಗ ಕೊಡಲಿಯಲ್ಲೇ ಕಡಿಯಬಹುದು, ಗಾಳಿಗೆ ಗಟ್ಟಿಯಾಗುತ್ತದೆ. ಕಗ್ಗಲ್ಲಿಗೆ ಆ ದಾಕ್ಷಿಣ್ಯ ಇಲ್ಲ. ಬಂಡೆ ಸೀಳಬೇಕಾದರೆ ಸಾಲಾಗಿ ಕುಳಿ ಕೊರೆದು, ಪ್ರತಿ ಕುಳಿಗೂ ಬೆಣೆ ಇಟ್ಟು, ಒಂದಾದ ಮೇಲೊಂದರ ಮೇಲೆ ಚಮ್ಮಟಿಗೆ ಬೀಳಬೇಕು. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಚಕ್ಕೆ ಎದ್ದು ಹೋಗುತ್ತದೆ, ಬಂಡೆ ಸೀಳುವುದಿಲ್ಲ. ಎಲ್ಲದಕ್ಕೂ ಸಮನಾಗಿ ಹೊಡೆಯುತ್ತಾ ಹೋಗಬೇಕು, ಒಂದು ಹೊತ್ತಿನಲ್ಲಿ ಶಬ್ದ ಬದಲಾಗುತ್ತದೆ. ಠಣ್ ಅನ್ನುತ್ತಿದ್ದದ್ದು ಠಪ್ ಅನ್ನುತ್ತದೆ. ಹಿಂದೆ ಕೂತಿರುವ ನಮ್ಮ ಮೇಸ್ತ್ರಿ ತಲೆ ಆಡಿಸುತ್ತಿದ್ದಾರೆ, ಅವರ ತಂದೆ ಈ ಕೆಲಸ ಮಾಡಿದವರು. ಆ ಠಪ್ ಕೇಳಿದ ಮೇಲೆ ಕೈ ನಿಲ್ಲಿಸಿ ಬೀಡಿ ಹಚ್ಚಬೇಕಂತೆ, ಬಂಡೆ ತಾನೇ ಬಿಡುತ್ತದಂತೆ. ಇಲ್ಲಿ ಗೋಡೆಯ ಕೆಲವು ಕಲ್ಲಿನ ಅಂಚಿನಲ್ಲಿ ಅರ್ಧರ್ಧ ಕುಳಿ ಕಾಣುತ್ತದೆ, ಚೌಕವಾದದ್ದು. ಈಗಿನ ಮೆಷಿನ್ ತೂತು ಆದರೆ ದುಂಡಗೆ, ಉದ್ದಕ್ಕೆ ಕೊಳವೆ ಸೀಳಿದ ಹಾಗೆ ಇರುತ್ತದೆ. ಹಳೆ ಕಲ್ಲನ್ನು ಹೊಸದರಿಂದ ಬೇರೆ ಮಾಡಲು ಇಷ್ಟು ಸಾಕು.

ಗೋಡೆಗೆ ಎರಡು ಮುಖ ಇರುತ್ತದೆ, ನಡುವೆ ಸಣ್ಣ ಕಲ್ಲು, ಚಕ್ಕೆ, ಗಾರೆ. ಎರಡು ಮುಖ ಕಾಲ ಕಳೆದ ಹಾಗೆ ಒಂದರಿಂದೊಂದು ದೂರ ಹೋಗಿ ಹೊಟ್ಟೆ ಬರುತ್ತದೆ. ಹಾಗಾಗದಿರಲು ಅಲ್ಲಲ್ಲಿ ಈ ಮುಖದಿಂದ ಆ ಮುಖದ ತನಕ ಹಾಯುವ ಉದ್ದ ಕಲ್ಲು ಇಡುತ್ತಾರೆ. ಇಲ್ಲಿ ಅಂಥ ಕಲ್ಲುಗಳ ತುದಿಯನ್ನು ಒಳಗೆ ಒಂದು ಗೇಣು ಮುಂದಕ್ಕೆ ಬಿಟ್ಟಿದ್ದಾರೆ. ನಾವು ಚಿಕ್ಕವರಿದ್ದಾಗ ಅದಕ್ಕೆ ಅಂಗಿ ನೇತು ಹಾಕುತ್ತಿದ್ದೆವು. ಬಂದವರು ಗಂಟು, ಮಳೆಗೆ ಹೊದೆಯುವ ಗೊರಬು, ಕಂಬಳಿ ನೇತು ಹಾಕಿಕೊಂಡಿದ್ದಾರೆ. ಗೋಡೆ ಹಿಡಿದಿಡುವ ಕಲ್ಲೇ ಗೂಟವೂ ಆಯಿತು.

ಈಗ ನಾನು ತಂದದ್ದು ತೋರಿಸುತ್ತೇನೆ. ಇದು ಮೂಡು ಗೋಡೆಯ ಸಂದಿನಿಂದ ಉದುರಿದ ಗಾರೆಯ ತುಂಡು. ಕೈಯಿಂದ ಕೈಗೆ ದಾಟಿಸಿ, ಒಡೆಯಬೇಡಿ. ಬಿಳಿ ಗಾರೆಯ ನಡುವೆ ಉಗುರಿನಷ್ಟು ದೊಡ್ಡ, ಬಾಗಿದ, ಸಣ್ಣ ಗೆರೆ ಇರುವ ಒಂದು ಚೂರು ಇದೆ. ಚಿಪ್ಪು. ಕಡಲ ಕಡೆಯ ಚಿಪ್ಪು. ಸುಡುವಾಗ ಪೂರ್ತಿ ಬೇಯದೆ ಉಳಿದದ್ದು. ಮೇಲೆ ನಿಂಬೆಹುಳಿ ಹಿಂಡಿದೆ, ಸಣ್ಣಗೆ ನೊರೆ ಬಂತು. ಘಾಟಿ ಇಳಿದು ಹೋದರೆ ಕಣ್ಣೂರಿನ ಕಡಲು ಇಲ್ಲಿಂದ ಸುಮಾರು 80 ಕಿಲೋಮೀಟರ್. ಅಲ್ಲಿ ಚಿಪ್ಪು ಆಯ್ದು, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿ, ಅದನ್ನು ಚೀಲ ಕಟ್ಟಿ ಎತ್ತಿನ ಬೆನ್ನ ಮೇಲೆ ಹತ್ತಿಸಿದ್ದಾರೆ. ದಾರಿಯಲ್ಲಿ ಮಳೆ ತಾಗಿದರೆ ಸುಣ್ಣ ಕುದಿದು ಬಿಡುತ್ತದೆ, ಎತ್ತಿನ ಬೆನ್ನು ಸುಡುತ್ತದೆ. ಅಂದರೆ ಬೇಸಿಗೆಯಲ್ಲೇ ತಂದಿರಬೇಕು. ನನಗೆ ಈ ಚೂರು ಸಿಕ್ಕಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕಿ ಇಳಿದು ಹೋದ ದಾರಿಯಲ್ಲೇ ಛತ್ರದ ಗೋಡೆ ಹತ್ತಿ ಬಂದಿದೆ ಅಲ್ವಾ.

ಆ ಸುಣ್ಣಕ್ಕೆ ಮರಳು ಸೇರಿಸಿ, ಗಾರೆ ಗಾಣದಲ್ಲಿ, ಅಂದರೆ ದುಂಡಗಿನ ಕಲ್ಲಿನ ಕಾಲುವೆಯಲ್ಲಿ ಕಲ್ಲುಚಕ್ರ ಉರುಳಿಸಿ ಅರೆಯುತ್ತಿದ್ದರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸುವುದು ಹಳೆ ಪದ್ಧತಿ. ಸುಣ್ಣದ ಗಾರೆ ಒಣಗಿ ಗಟ್ಟಿಯಾಗುವುದಕ್ಕಿಂತ ಗಾಳಿ ಕುಡಿದು ಗಟ್ಟಿಯಾಗುವುದು ಹೆಚ್ಚು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ದಪ್ಪ ಗೋಡೆಯ ಒಳಗೆ ಅದಕ್ಕೆ ವರ್ಷಗಟ್ಟಲೆ ಬೇಕು. ಚಿಪ್ಪು ಮೊದಲು ಏನಾಗಿತ್ತೋ ಕೊನೆಗೆ ಅದೇ ಆಗುತ್ತದೆ. ಈ ಮಾತು ನೆನಪಿಡಿ, ಆಮೇಲೆ ಮತ್ತೆ ಬರುತ್ತೇನೆ.

ಮಾಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೇಲೆ ಇರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಾಗಾಗಿ ಈ ಮಾಡು ಅದಕ್ಕಿಂತ ಈಚಿನದು. ಮೊದಲು ಏನಿತ್ತು? ಅಟ್ಟ ಹತ್ತಿ ಕೊನೆಗೋಡೆಯ ಒಳಮುಖಕ್ಕೆ ಟಾರ್ಚ್ ಬಿಡಿ. ಒಂದು ಗೆರೆ ಇಳಿಜಾರಾಗಿ ಹೋಗುತ್ತದೆ, ಅದರ ಕೆಳಗೆ ಹೊಗೆ ಹಿಡಿದು ಕರ್ರಗೆ, ಮೇಲೆ ತಿಳಿ ಬಣ್ಣ. ಗೆರೆ ಈಗಿನ ಮಾಡಿಗಿಂತ ತುಂಬಾ ಕಡಿದಾಗಿದೆ. ಹುಲ್ಲಿನ ಮಾಡು. ಹುಲ್ಲಿಗೆ ಇಳಿಜಾರು ಜಾಸ್ತಿ ಬೇಕು, ಇಲ್ಲದಿದ್ದರೆ ನೀರು ಒಳಗೆ ಇಳಿಯುತ್ತದೆ. ಹೆಂಚಿಗೆ ಅಷ್ಟು ಬೇಡ. ಅದಕ್ಕೇ ಪಕ್ಕದ ಗೋಡೆಗಳನ್ನು ಎರಡು ಅಡಿ ಇಟ್ಟಿಗೆಯಲ್ಲಿ ಎತ್ತರಿಸಿ ಹೊಸ ಮಾಡು ಕೂರಿಸಿದ್ದಾರೆ. ಒಂದು ಹೆಂಚು ಎರಡು ಕೆಜಿಗೂ ಮೇಲೆ, ಒಂದು ಚದರ ಮೀಟರಿಗೆ ಸುಮಾರು 15 ಹೆಂಚು. ಲೆಕ್ಕ ಹಾಕಿದರೆ ಹುಲ್ಲು ಹೊತ್ತಿದ್ದ ಗೋಡೆಯ ಮೇಲೆ ಟನ್‌ಗಟ್ಟಲೆ ಭಾರ ಬಂದು ಕೂತಿತು. ಗೋಡೆ ಹೊತ್ತುಕೊಂಡಿದೆ.

ಹೊಗೆ ಅಂದೆನಲ್ಲ. ಅಡುಗೆಮನೆಯ ಕಡೆಯ ಪಕಾಸಿಗಳನ್ನು, ಅಂದರೆ ಮಾಡು ಹೊತ್ತ ಓರೆ ಮರಗಳನ್ನು ನೋಡಿ, ಕಪ್ಪಗೆ ಹೊಳೆಯುತ್ತಿವೆ, ಒಂದು ತೂತು ಇಲ್ಲ. ದಿನಾ ಸೌದೆ ಒಲೆಯ ಹೊಗೆ ತಿಂದ ಮರಕ್ಕೆ ಹುಳ ಬರುವುದಿಲ್ಲ. ಇಲ್ಲಿ ಒಲೆ ಆರಿದ ಮೇಲೆ, ಈ ಮುಂಭಾಗದ ಪಕಾಸಿಗಳಿಂದ ಹಿಟ್ಟು ಉದುರಲು ಶುರುವಾಯಿತು.

ಒಲೆಯ ಮಾತು ಬಂದದ್ದರಿಂದ ಒಂದು ಕಹಿ ಸಂಗತಿಯನ್ನೂ ಹೇಳಬೇಕು, ಮುಚ್ಚಿಟ್ಟರೆ ಈ ಕಟ್ಟಡಕ್ಕೆ ಮೋಸ ಮಾಡಿದ ಹಾಗೆ. ಒಳಗೆ ಎರಡು ಅಡುಗೆಮನೆ ಇದೆ. ಬಾವಿಗೆ ಹೋಗುವ ಬಾಗಿಲು ಒಂದಕ್ಕೆ ಮಾತ್ರ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆ ಕಾಲದ ಛತ್ರಗಳಲ್ಲಿ ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು ಅನ್ನುವುದು ಜಾತಿಯ ಲೆಕ್ಕ. ಇನ್ನು ಮೂರನೆಯದು ಇದೆ. ಹಿತ್ತಿಲ ಗೋಡೆಯ ಆಚೆ, ಚರಂಡಿ ದಾಟಿ, ಬಂಡೆಯ ಮೇಲೆ ಮೂರು ಕಡೆ ಕಪ್ಪು ಕಲೆ, ಬೆಂಕಿಗೆ ಮೇಲಿನ ಪದರ ಚಕ್ಕೆ ಎದ್ದ ಗುಳಿ. ಅಲ್ಲಿ ತಲೆ ಮೇಲೆ ಮಾಡು ಇಲ್ಲ. ತಲೆಹೊರೆಯವರು, ತೋಟಕ್ಕೆ ಮೈಸೂರು ಕಡೆಯಿಂದ ನಡೆದು ಬಂದ ಕೂಲಿಯವರು ಅಲ್ಲಿ ಬೇಯಿಸಿಕೊಂಡದ್ದು. ಬಂಡೆ ಸೀಳಿದವರ ಮನೆಯವರಿಗೆ, ಈ ಗೋಡೆ ಎಬ್ಬಿಸಿದವರ ಮಕ್ಕಳಿಗೆ ಈ ಜಗಲಿ ಹತ್ತಲು ಬಿಡಲಿಲ್ಲ. ನಾಳೆ ಇಲ್ಲಿ ಫಲಕ ಹಾಕುವುದಾದರೆ ಆ ಬಂಡೆಗೂ ಒಂದು ಹಾಕಬೇಕು ಅನ್ನುವುದು ನನ್ನ ಬೇಡಿಕೆ.

ಬ್ರಿಟಿಷರ ಕಾಲದಲ್ಲಿ ಸಾಹೇಬರು ಇಳಿದುಕೊಳ್ಳಲು ಬೇರೆ ಬಂಗಲೆಗಳಾದವು, ನಾವು ಈಗಲೂ ಟಿ.ಬಿ. (ಟ್ರಾವೆಲರ್ಸ್ ಬಂಗಲೆ), ಐ.ಬಿ. (ಇನ್‌ಸ್ಪೆಕ್ಷನ್ ಬಂಗಲೆ) ಅನ್ನುತ್ತೇವಲ್ಲ ಅವು. ಸುತ್ತ ವರಾಂಡ, ಬೆಂಕಿಗೂಡು, ಚಾಕರಿಗೆ ಒಬ್ಬ ಮೇಟಿ, ಸಹಿ ಮಾಡುವ ಪುಸ್ತಕ. ಅವು ಸ್ವಲ್ಪ ಎತ್ತರದಲ್ಲಿ, ಪೇಟೆಯಿಂದ ದೂರ, ಗಾಳಿ ಮತ್ತು ನೋಟ ಸಿಗುವ ಕಡೆ. ಛತ್ರ ಮಾತ್ರ ರಸ್ತೆಯ ಮೈಗೇ ಅಂಟಿ ನಿಂತಿದೆ. ಟಿ.ಬಿ.ಗಳ ಬಗ್ಗೆ ಬೇರೆ ದಿನ ಮಾತಾಡೋಣ, ಅದು ದೊಡ್ಡ ಕತೆ.

ಈಗ ಪಡುವಣ ಗೋಡೆ. ನಮ್ಮ ಮಳೆ ಬರುವುದು ಆ ಕಡೆಯಿಂದ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಗಾಳಿಯ ಜೊತೆ ಅಡ್ಡಕ್ಕೆ. ಕಟ್ಟಿದವರಿಗೆ ಗೊತ್ತಿತ್ತು. ಆ ಕಡೆ ಒಂದೇ ಒಂದು ಕಿಟಕಿ, ಅದೂ ಮೊಳದಷ್ಟು. ಸೂರು ನಾಲ್ಕು ಅಡಿ ಹೊರಗೆ. ಕೆಳಗೆ ನೀರು ಬಿದ್ದು ಸಿಡಿಯುವ ಕಡೆ ಕಲ್ಲು ಹಾಸಿ, ಹಾಸುಗಲ್ಲಿಗೆ ಹೊರಕ್ಕೆ ಇಳಿಜಾರು. ಆದರೂ ಗೋಡೆ ನೆನೆಯುತ್ತದೆ. ಮಳೆ ಜೋರಾದ ಕಕ್ಕಡ ತಿಂಗಳಲ್ಲಿ ನೆನೆಯದ ಗೋಡೆ ಇಲ್ಲಿ ಯಾವುದಿದೆ? ಸುಣ್ಣದ ಗಾರೆಯ ಗೋಡೆ ನೆನೆದದ್ದನ್ನು ತುಲಾ ಮಾಸ ಕಳೆದು ಬಿಸಿಲು ಬಿದ್ದಾಗ ಅದೇ ಸಂದುಗಳ ಮೂಲಕ ಹೊರಗೆ ಬಿಡುತ್ತದೆ. ಹೀಗೆ ಎಷ್ಟೋ ಮಳೆಗಾಲ ಕುಡಿದು ಎಷ್ಟೋ ಬೇಸಿಗೆ ಬಿಟ್ಟಿದೆ.

ನಾನು ಕೆಲಸಕ್ಕೆ ಸೇರಿ ಹೊಸತು. ಈ ಗೋಡೆಯ ಸಂದಿನಲ್ಲಿ ಗಾರೆ ಸ್ವಲ್ಪ ಉದುರಿತ್ತು, ಅಲ್ಲಲ್ಲಿ ಪಾಚಿ. ಹೊರಗಿನಿಂದ ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಇನ್ನು ನೂರು ವರ್ಷ ಚಿಂತೆಯಿಲ್ಲ ಅಂತ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಹಾಗೇ ಮಾಡಿದರು. ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಸಿಮೆಂಟ್. ಇಲ್ಲಿಯ ಗೋಡೆ ಎದ್ದಾಗ ಈ ದೇಶದಲ್ಲಿ ಸಿಮೆಂಟ್ ಕಾರ್ಖಾನೆಯೇ ಇರಲಿಲ್ಲ, ಪೋರಬಂದರಿನಲ್ಲಿ ಶುರುವಾದದ್ದು 1914ರಲ್ಲಿ. ಸಿಮೆಂಟ್ ಗಟ್ಟಿ, ಕಲ್ಲಿನ ಜೊತೆ ಬಗ್ಗುವುದಿಲ್ಲ. ಬಿಸಿಲಿಗೆ ಮಳೆಗೆ ಗೋಡೆ ಕೂದಲೆಳೆಯಷ್ಟು ಅಲುಗುತ್ತದೆ, ಪ್ಲಾಸ್ಟರ್ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಬರಲು ದಾರಿ ಇಲ್ಲ. ಹೊರಗೆ ಬಾಗಿಲು ಮುಚ್ಚಿದ್ದರಿಂದ ಒಳಮುಖಕ್ಕೆ ತಿರುಗುತ್ತದೆ. ಒಳಗೆ ಹೋಗಿ ಪಡುವಣ ಗೋಡೆಗೆ ಕೈ ಇಡಿ, ಈ ಬೇಸಿಗೆಯಲ್ಲೂ ತಣ್ಣಗೆ, ಒದ್ದೆ. ಉಪ್ಪು ಬಿಳಿ ನಾರಿನ ಹಾಗೆ ಎದ್ದಿದೆ. ಗಾರೆ ಕೈಗೆ ಮಣ್ಣಿನ ಹಾಗೆ ಬರುತ್ತದೆ. ಮುಟ್ಟದೆ ಬಿಟ್ಟ ಮೂಡು ಗೋಡೆ ಹಾಗೇ ಗಟ್ಟಿಯಾಗಿ ನಿಂತಿದೆ. ಎಷ್ಟೋ ಮಳೆಗಾಲ ಆಗದ ಹಾನಿ ನಮ್ಮ ಒಂದು ರಿಪೇರಿಯಿಂದ ಆಯಿತು. ಅದಕ್ಕೆ ನಾನು ಜವಾಬ್ದಾರ, ಅದನ್ನು ಇಲ್ಲಿ ಈ ಗೋಡೆಯ ಎದುರೇ ಹೇಳಬೇಕು ಅಂತ ಇವತ್ತು ಬಂದೆ.

ಈಗ ಮತ್ತೆ ರಿಪೇರಿಯ ಮಾತು ನಡೆಯುತ್ತಿದೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಮತ್ತೆ ಸಿಮೆಂಟ್ ಬೇಡ. ಪಡುವಣ ಗೋಡೆಯ ಪ್ಲಾಸ್ಟರನ್ನು ಸಣ್ಣ ಉಳಿಯಲ್ಲಿ ನಿಧಾನವಾಗಿ ತೆಗೆಯಬೇಕು, ಮೆಷಿನ್ ಹಾಕಿದರೆ ಕಲ್ಲಿನ ಅಂಚು ಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಹಾಗೇ ಬಿಟ್ಟು ಒಣಗಲು ಬಿಡಬೇಕು. ಇದೇ ಕಷ್ಟದ ಭಾಗ, ಯಾಕೆಂದರೆ ನೋಡಿದವರು ಕೆಲಸ ಅರ್ಧಕ್ಕೆ ನಿಂತಿದೆ ಅನ್ನುತ್ತಾರೆ. ಮಳೆಗಾಲಕ್ಕೆ ಎದುರು ತಟ್ಟಿ ಕಟ್ಟಬೇಕು, ಅಡಿಕೆ ಸೋಗೆಯದೋ ಶೀಟಿನದೋ. ಆಮೇಲೆ ಮಳೆ ಮುಗಿದ ಮೇಲೆ ಸಂದಿಗೆ ಮಾತ್ರ ಸುಣ್ಣದ ಗಾರೆ. ಒಂದು ಪಾಲು ಸುಣ್ಣ, ಎರಡೂವರೆ ಮೂರು ಪಾಲು ಮರಳು, ತೊಳೆದ ಮರಳು. ಒದ್ದೆ ಗೋಣಿ ಹೊದಿಸಿ ದಿನಾ ನೀರು ಚಿಮುಕಿಸಬೇಕು, ಬೇಗ ಒಣಗಿದರೆ ಪುಡಿಯಾಗುತ್ತದೆ. ಮೇಸ್ತ್ರಿ ಸುಣ್ಣದ ಕೆಲಸ ಬಲ್ಲವರು, ಇಬ್ಬರು ಹುಡುಗರಿಗೆ ಕಲಿಸಲು ಒಪ್ಪಿದ್ದಾರೆ. ಮುಂಭಾಗದ ಪಕಾಸಿಗಳಲ್ಲಿ ಏಳು ಬದಲಾಗಬೇಕು, ಉಳಿದವು ಗಟ್ಟಿ. ಹಿಂದಿನ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ, ಸಂತೆ ದಿನ, ಸೌದೆ ಒಲೆ ಹಚ್ಚಿ ಗಂಜಿ ಮಾಡೋಣ, ಎಲ್ಲರೂ ಒಂದೇ ಒಲೆಯದ್ದು. ಹೊಗೆಯೂ ಆಗುತ್ತದೆ.

ಇದು ಈಗ ಛತ್ರವಾಗಿ ಉಳಿದಿಲ್ಲವಲ್ಲ, ಯಾರು ಬಂದು ಮಲಗುತ್ತಾರೆ ಅಂತ ಮೊನ್ನೆ ಒಬ್ಬರು ಕೇಳಿದರು. 2018ರ ಜೂನ್‌ನಲ್ಲಿ, ಆಗಸ್ಟ್‌ನಲ್ಲಿ ಜಿಲ್ಲೆಯ ಗುಡ್ಡಗಳು ಕುಸಿದ ದೊಡ್ಡ ಅನಾಹುತಕ್ಕೂ ಮೊದಲು, ಮಾಕುಟ್ಟದ ರಸ್ತೆಯಲ್ಲಿ ಗುಡ್ಡ ಜಾರಿ ದಾರಿ ಮುಚ್ಚಿತು ನೆನಪಿದೆಯಲ್ಲ. ಕೇರಳಕ್ಕೆ ಇಳಿಯಬೇಕಾದ ಲಾರಿಗಳು ಇಲ್ಲೇ ಸಾಲಾಗಿ ನಿಂತವು. ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ರಾತ್ರಿ ಎಂಟರ ಹೊತ್ತಿಗೆ ನಾನು ಟಾರ್ಚ್ ಹಿಡಿದು ಈ ಕಡೆ ಬಂದಾಗ ಜಗಲಿಯ ಮೇಲೆ ಹತ್ತು ಹನ್ನೆರಡು ಜನ. ಒಳಗಿನ ಉದ್ದ ಕಲ್ಲುಗಳ ತುದಿಗೆ ಒದ್ದೆ ಅಂಗಿಗಳು ನೇತಾಡುತ್ತಿದ್ದವು, ಯಾರೂ ಅವರಿಗೆ ತೋರಿಸಿಕೊಟ್ಟಿರಲಿಲ್ಲ. ಪಕ್ಕದ ಮನೆಯ ಅಕ್ಕ ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಕಾಫಿ ತಂದರು. ಮೂರನೇ ಕಂಬದ ಹತ್ತಿರ ವಯಸ್ಸಾದ ಒಬ್ಬ ಮಲಯಾಳಿ ಡ್ರೈವರ್ ನೆಲದ ಗೆರೆಗಳ ಮೇಲೆ ಬೆರಳು ಆಡಿಸುತ್ತಾ ಕೂತಿದ್ದರು. ನನ್ನ ಕಡೆ ನೋಡಿ ನಕ್ಕು, ಲಾರಿಗೆ ಹೋಗಿ ಡಬ್ಬಿಯಿಂದ ಮೂರು ನಟ್ಟು ತಂದರು. ನಾನು ಅಕ್ಕನ ಮನೆಯಿಂದ 15 ಕಾಫಿ ಬೀಜ ತಂದೆ. ಅವರ ಭಾಷೆ ನನಗೆ ಅರ್ಧ ಬರುತ್ತದೆ, ನನ್ನದು ಅವರಿಗೆ ಅಷ್ಟೂ ಬಾರದು. ಆ ರಾತ್ರಿ ನಾಲ್ಕು ಆಟ ಆಡಿದೆವು, ಹುಲಿ ಅವರದು, ಆಡು ನನ್ನದು. ಮೂರು ಸಲ ಅವರೇ ಗೆದ್ದರು.